ಚಾರ್ಟಿನ ಗೆರೆಗೆ, ಅಕ್ಷರಕ್ಕೆ ಅಂಚು ಮತ್ತು ನೆರಳು: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡುವ ಬಗೆ, ಕನ್ನಡ ಹೆಸರುಗಳಿಗೂ ಸೇರಿಸಿ

ಪೈಥಾನ್‌ನಲ್ಲಿ ಚಾರ್ಟ್ ಮಾಡುವವರಲ್ಲಿ ಜಾಸ್ತಿ ಜನ ಗೆರೆಯ ಬಣ್ಣ, ದಪ್ಪ, ಅಕ್ಷರದ ಸೈಜ್ ಇಷ್ಟನ್ನು ಬದಲಿಸಿ ಅಲ್ಲಿಗೆ ಬಿಡುತ್ತಾರೆ. ಆದರೆ ಚಾರ್ಟ್ ಓದಲು ಕಷ್ಟ ಆಗುವುದು ಬಹಳ ಸಲ ಬಣ್ಣದಿಂದ ಅಲ್ಲ. ಒಂದು ಗೆರೆ ಇನ್ನೊಂದನ್ನು ದಾಟುವ ಜಾಗದಲ್ಲಿ ಯಾವುದು ಎತ್ತ ಹೋಯಿತು ಅಂತ ಗೊತ್ತಾಗುವುದಿಲ್ಲ, ಹೆಸರು ಬರೆದ ಕಡೆಯೇ ಗೆರೆ ಹಾದು ಅಕ್ಷರ ಕಲಸಿಹೋಗಿರುತ್ತದೆ, ತೊಂದರೆ ಅಲ್ಲಿರುತ್ತದೆ. ಇದಕ್ಕೆ ಪೈಥಾನ್‌ನಲ್ಲಿ ಚಾರ್ಟ್ ಬಿಡಿಸುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್ ಒಳಗೇ ಒಂದು ಒಳ್ಳೆಯ ಸೌಲಭ್ಯ ಇದೆ. ಹೆಸರು ಪಾತ್ ಎಫೆಕ್ಟ್ಸ್. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಅಂಚು, ನೆರಳು, ಹೊಳಪು, ಹಲ್ಲು ಹಲ್ಲಾದ ಗೆರೆ, ಎಲ್ಲವೂ ಇದರಲ್ಲಿ ಬರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ದಿನವೂ ಉಪಯೋಗಕ್ಕೆ ಬರುವುದು ಅಂಚು. ಅದನ್ನು ಚೆನ್ನಾಗಿ ಕಲಿತರೆ ಮುಕ್ಕಾಲು ಕೆಲಸ ಆಯಿತು. ಉಳಿದವನ್ನು ಕಾರಣ ಇದ್ದಾಗ ಮಾತ್ರ ಬಳಸಿ.

ಕೋಡಿನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರ, ಅಂಡರ್‌ಸ್ಕೋರ್ ಎಲ್ಲಿ ಮುಖ್ಯವೋ ಅಲ್ಲಿ ತಿಳಿಸುತ್ತೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಕಾವೇರಿ ಕೊಳ್ಳದ ನಾಲ್ಕು ಜಲಾಶಯ: ಕೆಆರ್‌ಎಸ್, ಹೇಮಾವತಿ, ಕಬಿನಿ, ಹಾರಂಗಿ. ಮಳೆಗಾಲ ಶುರುವಾದರೆ ಇವುಗಳ ಮಟ್ಟ ದಿನವೂ ಪೇಪರಿನಲ್ಲಿ ಬರುತ್ತದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಪ್ರಕಟಿಸುತ್ತದೆ. ಮಟ್ಟವನ್ನು ಹಾಗೇ ಒಂದೇ ಚಾರ್ಟಿಗೆ ಹಾಕಲು ಬರುವುದಿಲ್ಲ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಅದು ಅಣೆಕಟ್ಟೆಯಲ್ಲೇ ಅಳೆಯುವ ಲೆಕ್ಕ. ಕಬಿನಿಯದು 2284 ಅಡಿ, ಅದು ಸಮುದ್ರ ಮಟ್ಟದಿಂದ. ಆದ್ದರಿಂದ ನೀರಿನ ಸಂಗ್ರಹವನ್ನು ಶೇಕಡಾ ಲೆಕ್ಕಕ್ಕೆ ತರಬೇಕು. ಕೆಆರ್‌ಎಸ್ ಸಾಮರ್ಥ್ಯ 49.45 ಟಿಎಂಸಿ, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ಇವತ್ತಿನ ಸಂಗ್ರಹವನ್ನು ಇದರಿಂದ ಭಾಗಿಸಿ 100ರಿಂದ ಗುಣಿಸಿದರೆ ನಾಲ್ಕೂ ಒಂದೇ ಅಳತೆಗೆ ಬರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಗೆರೆ ಎಳೆಯಿರಿ. ಮಳೆ ಚೆನ್ನಾಗಿ ಆದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ನಾಲ್ಕೂ ಮೇಲೆ ಹೋಗಿ 100ರ ಹತ್ತಿರ ಗುಂಪಾಗುತ್ತವೆ. ಒಂದನ್ನೊಂದು ದಾಟುತ್ತವೆ, ಅಂಟಿಕೊಂಡು ಓಡುತ್ತವೆ. ನಮಗೆ ಬೇಕಾದ ಜಾಗ ಇದೇ.

ಅಕ್ಷರಕ್ಕೆ ಅಂಚು

ಮೊದಲು ಮ್ಯಾಟ್‌ಪ್ಲಾಟ್‌ಲಿಬ್ ಡಾಟ್ ಪಾತ್‌ಎಫೆಕ್ಟ್ಸ್ ಅನ್ನುವ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಪಿಇ ಅಂತ ಚಿಕ್ಕ ಹೆಸರು ಕೊಡಿ. ಇಲ್ಲಿ ಪಾತ್‌ಎಫೆಕ್ಟ್ಸ್ ಒಂದೇ ಪದ, ಎಲ್ಲವೂ ಚಿಕ್ಕಕ್ಷರ, ನಡುವೆ ಅಂಡರ್‌ಸ್ಕೋರ್ ಇಲ್ಲ. ಆಮೇಲೆ ಆಕ್ಸೀಸ್‌ನ ಟೆಕ್ಸ್ಟ್ ಫಂಕ್ಷನ್‌ಗೆ ಎಕ್ಸ್, ವೈ, ಬರೆಯಬೇಕಾದ ಹೆಸರು ಕೊಟ್ಟ ಮೇಲೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿ: ಪಾತ್ ಅಂಡರ್‌ಸ್ಕೋರ್ ಎಫೆಕ್ಟ್ಸ್. ಇಲ್ಲಿ ಅಂಡರ್‌ಸ್ಕೋರ್ ಇದೆ, ಗಮನಿಸಿ. ಅದಕ್ಕೆ ಕೊಡಬೇಕಾದದ್ದು ಒಂದು ಲಿಸ್ಟ್. ಲಿಸ್ಟಿನೊಳಗೆ ಪಿಇ ಡಾಟ್ ವಿತ್‌ಸ್ಟ್ರೋಕ್, ಅದರಲ್ಲಿ ಡಬ್ಲ್ಯೂ ಚಿಕ್ಕದು, ಎಸ್ ದೊಡ್ಡದು. ವಿತ್‌ಸ್ಟ್ರೋಕ್ ಒಳಗೆ ಲೈನ್‌ವಿಡ್ತ್ 3, ಫೋರ್‌ಗ್ರೌಂಡ್ ವೈಟ್.

ಒಂದೇ ಎಫೆಕ್ಟ್ ಇದ್ದರೂ ಚೌಕ ಬ್ರಾಕೆಟ್ ಬೇಕೇ ಬೇಕು. ಅದನ್ನು ಬಿಟ್ಟರೆ ಆ ಸಾಲಿನಲ್ಲಿ ಏನೂ ಆಗುವುದಿಲ್ಲ, ಚಾರ್ಟ್ ಮೂಡುವ ಹೊತ್ತಿಗೆ ಎರರ್ ಬರುತ್ತದೆ, ಆಗ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ. ಬಣ್ಣಕ್ಕೆ ಕಲರ್ ಅಂತ ಬರೆಯದೆ ಫೋರ್‌ಗ್ರೌಂಡ್ ಅಂತಲೇ ಬರೆಯಬೇಕು. ಯಾಕೆಂದರೆ ಈ ಆರ್ಗ್ಯುಮೆಂಟ್‌ಗಳು ನೇರವಾಗಿ ಗೆರೆ ಎಳೆಯುವ ಒಳಪದರಕ್ಕೆ ಹೋಗುತ್ತವೆ, ಅಲ್ಲಿ ಬಣ್ಣದ ಹೆಸರೇ ಫೋರ್‌ಗ್ರೌಂಡ್.

ಈಗ ಲೈನ್‌ವಿಡ್ತ್ 3 ಅಂದರೆ ಎಷ್ಟು? ಅಳತೆ ಪಾಯಿಂಟ್‌ನಲ್ಲಿ. ಒಂದು ಇಂಚಿಗೆ 72 ಪಾಯಿಂಟ್. ಆದರೆ ಅಕ್ಷರದ ಸುತ್ತ 3 ಪಾಯಿಂಟ್ ಬಿಳಿ ಕಾಣುವುದಿಲ್ಲ, ಒಂದೂವರೆಯಷ್ಟೇ ಕಾಣುತ್ತದೆ. ಅಂಚಿನ ಗೆರೆ ಅಕ್ಷರದ ಹೊರಗೆರೆಯನ್ನೇ ನಡುವೆ ಇಟ್ಟುಕೊಂಡು ಎರಡೂ ಕಡೆ ಹರಡುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. ಒಳಗಿನ ಅರ್ಧದ ಮೇಲೆ ನಿಜವಾದ ಅಕ್ಷರ ಬಂದು ಕೂರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಎಲ್ಲ ಲೆಕ್ಕವೂ ಸುಲಭ. 10 ಪಾಯಿಂಟ್ ಅಕ್ಷರಕ್ಕೆ 2ರಿಂದ 3 ಸಾಕು. 5 ದಾಟಿಸಿದರೆ ಪಕ್ಕದ ಗೆರೆಯನ್ನೂ ತಿಂದುಹಾಕುತ್ತದೆ.

ಬಿಳಿ ಬಣ್ಣವೇ ಯಾಕೆ? ಹಿನ್ನೆಲೆ ಬಿಳಿ ಇದೆ ಅಂತ. ಅಂಚಿನ ಬಣ್ಣ ಹಿನ್ನೆಲೆಯದೇ ಆಗಿರಬೇಕು. ಆಗ ಅಂಚು ಇದೆ ಅನ್ನುವುದೇ ಕಣ್ಣಿಗೆ ಬೀಳುವುದಿಲ್ಲ, ಅಕ್ಷರದ ಸುತ್ತ ಸ್ವಲ್ಪ ಜಾಗ ಬಿಟ್ಟ ಹಾಗೆ ಕಾಣುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಬಣ್ಣದ ಅಕ್ಷರಕ್ಕೆ ಕಪ್ಪು ಅಂಚು ಹಾಕುವವರಿದ್ದಾರೆ. ಯೂಟ್ಯೂಬ್ ಥಂಬ್‌ನೇಲ್‌ಗೆ ಅದು ಸರಿ, ಚಾರ್ಟಿಗೆ ಭಾರ. 9 ಪಾಯಿಂಟ್ ಅಕ್ಷರದ ಒಳಗಿನ ಸಣ್ಣ ಖಾಲಿ ಜಾಗಗಳೆಲ್ಲ ಮುಚ್ಚಿಹೋಗುತ್ತವೆ.

ಕೆಲವರು ಅಂಚಿನ ಬದಲು ಅಕ್ಷರದ ಹಿಂದೆ ಬಿಳಿ ಡಬ್ಬಿ ಇಡುತ್ತಾರೆ, ಬಿಬಾಕ್ಸ್ ಆರ್ಗ್ಯುಮೆಂಟ್ ಬಳಸಿ. ಅದರಿಂದ ಅಕ್ಷರ ಸ್ಪಷ್ಟವಾಗುತ್ತದೆ ನಿಜ. ಆದರೆ ಡಬ್ಬಿಯ ಅಗಲದಷ್ಟು ಡೇಟಾ ಮಾಯ. ಜಲಾಶಯದ ಗೆರೆಯಲ್ಲಿ ಒಂದು ವಾರದ ಏರಿಳಿತ ಹೆಸರಿನ ಹಿಂದೆ ಹೋದರೆ ಓದುವವರಿಗೆ ಅಲ್ಲಿ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಅಂಚು ಅಕ್ಷರದ ಆಕಾರವನ್ನೇ ಹಿಡಿದು ಹೋಗುವುದರಿಂದ ಮುಚ್ಚುವುದು ತುಂಬ ಕಡಿಮೆ.

ಗೆರೆಗೆ ಅಂಚು

ರಂಗೋಲಿಯಲ್ಲಿ ಬಣ್ಣ ತುಂಬಿದ ಮೇಲೆ ಬಿಳಿ ಪುಡಿಯಲ್ಲಿ ಒಂದು ಸುತ್ತು ಎಳೆದರೆ ಪಕ್ಕಪಕ್ಕದ ಬಣ್ಣಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವಲ್ಲ, ಗೆರೆಗೆ ಅಂಚು ಹಾಕಿದಾಗ ಆಗುವುದು ಅದೇ. ಪ್ಲಾಟ್ ಫಂಕ್ಷನ್‌ಗೂ ಪಾತ್ ಅಂಡರ್‌ಸ್ಕೋರ್ ಎಫೆಕ್ಟ್ಸ್ ಆರ್ಗ್ಯುಮೆಂಟನ್ನು ಹಾಗೇ ಕೊಡಬಹುದು. ಮೊದಲೇ ಎಳೆದ ಗೆರೆಯಾದರೆ ಸೆಟ್ ಅಂಡರ್‌ಸ್ಕೋರ್ ಪಾತ್ ಅಂಡರ್‌ಸ್ಕೋರ್ ಎಫೆಕ್ಟ್ಸ್ ಅನ್ನುವ ಮೆಥಡ್ ಇದೆ. ಅಕ್ಷರ, ಕಂಬ, ಬಾಣ, ಚುಕ್ಕೆ, ಯಾವುದಕ್ಕೆ ಬೇಕಾದರೂ ಇದೇ ಮೆಥಡ್.

ಗೆರೆಗೆ ದಪ್ಪದ ಲೆಕ್ಕ ಸ್ವಲ್ಪ ಬೇರೆ. ನಿಮ್ಮ ಗೆರೆ 2 ಪಾಯಿಂಟ್ ಇದ್ದು ಅಂಚಿಗೂ ಲೈನ್‌ವಿಡ್ತ್ 2 ಕೊಟ್ಟರೆ ಏನೂ ಕಾಣುವುದಿಲ್ಲ. ಅಂಚು ಪೂರ್ತಿ ಗೆರೆಯ ಕೆಳಗೇ ಅಡಗಿರುತ್ತದೆ. 5 ಕೊಡಿ. ಐದರಲ್ಲಿ ಎರಡು ಕಳೆದರೆ ಮೂರು, ಎರಡೂ ಬದಿಗೆ ಹಂಚಿದರೆ ಒಂದೂವರೆ ಒಂದೂವರೆ. "ಎಫೆಕ್ಟ್ ಕೆಲಸ ಮಾಡ್ತಿಲ್ಲ" ಅನ್ನುವವರ ಕೋಡ್ ನೋಡಿದರೆ ಬಹಳ ಸಲ ಅಂಚಿನ ದಪ್ಪ ಗೆರೆಯಷ್ಟೇ ಇರುತ್ತದೆ.

ಅಂಚು ಹಾಕಿದ ಕೂಡಲೇ ಒಂದು ಹೊಸ ಪ್ರಶ್ನೆ ಬರುತ್ತದೆ: ಯಾವ ಗೆರೆ ಮೇಲೆ? ಮೊದಲು ಅದು ಅಷ್ಟು ಮುಖ್ಯ ಆಗಿರಲಿಲ್ಲ. ಈಗ ಮೇಲಿರುವ ಗೆರೆ ಕೆಳಗಿನದನ್ನು ಬಿಳಿ ಅಂಚಿನಿಂದ ಕತ್ತರಿಸಿಕೊಂಡು ಹೋಗುತ್ತದೆ, ಫ್ಲೈಓವರ್ ಕೆಳಗೆ ರಸ್ತೆ ಹೋದಂತೆ ಕಾಣುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗೆರೆಗಳ ಝಡ್‌ಆರ್ಡರ್ (ಯಾವುದು ಮೇಲೆ ಬರಬೇಕು ಅನ್ನುವ ಅಂಕಿ, ದೊಡ್ಡದಿದ್ದರೆ ಮೇಲೆ) ಸಾಮಾನ್ಯವಾಗಿ 2, ಅಕ್ಷರಗಳದು 3. ಎಲ್ಲ ಗೆರೆಗೂ 2 ಇದ್ದಾಗ ಕೊನೆಗೆ ಎಳೆದದ್ದು ಮೇಲೆ ಬರುತ್ತದೆ. ನಮ್ಮ ಚಾರ್ಟಿನಲ್ಲಿ ಹೇಳಬೇಕಾದದ್ದು ಕೆಆರ್‌ಎಸ್ ಬಗ್ಗೆ ಅಂತಾದರೆ ಕೆಆರ್‌ಎಸ್ ಗೆರೆಯನ್ನು ಕೊನೆಗೆ ಎಳೆಯಿರಿ, ಅಥವಾ ಅದಕ್ಕೆ ಝಡ್‌ಆರ್ಡರ್ 2.5 ಕೊಡಿ. ಉಳಿದ ಮೂರನ್ನು ಬೂದು ಬಣ್ಣಕ್ಕೆ ಇಳಿಸಿ. ಇಷ್ಟರಲ್ಲೇ ಚಾರ್ಟ್ ಅರ್ಧ ಸರಿಹೋಗುತ್ತದೆ.

ತುಂಡು ಗೆರೆಗೆ ಮಾತ್ರ ಎಚ್ಚರ. ಡ್ಯಾಶ್ ಹಾಕಿದ ಗೆರೆಗೆ ವಿತ್‌ಸ್ಟ್ರೋಕ್ ಕೊಟ್ಟರೆ ಅಂಚೂ ಅದೇ ಡ್ಯಾಶ್ ಹಿಡಿದು ತುಂಡು ತುಂಡಾಗಿಯೇ ಬರುತ್ತದೆ. ನಡುವಿನ ಸಂದಿಯಲ್ಲಿ ಹಿಂದಿನ ಗೆರೆ ಇಣುಕುತ್ತದೆ. ಸುಲಭದ ದಾರಿ ಅಂದರೆ ಅದೇ ಡೇಟಾವನ್ನು ಮೊದಲು ದಪ್ಪದ, ಇಡಿಯಾದ ಬಿಳಿ ಗೆರೆಯಾಗಿ ಎಳೆದು, ಅದರ ಮೇಲೆ ತುಂಡು ಗೆರೆ ಎಳೆಯುವುದು. ಎಫೆಕ್ಟೇ ಬೇಡ. ಬಿಳಿ ಗೆರೆಗೆ ಲೇಬಲ್ ಕೊಡಬೇಡಿ, ಕೊಟ್ಟರೆ ಲೆಜೆಂಡ್‌ನಲ್ಲಿ ಸುಮ್ನೆ ಒಂದು ಖಾಲಿ ಸಾಲು ಬಂದು ಕೂರುತ್ತದೆ.

ಲೆಜೆಂಡ್ ಅಂದಾಗ ನೆನಪಾಯಿತು. ನಾಲ್ಕೇ ಗೆರೆ ಇದ್ದರೆ ಲೆಜೆಂಡ್ ಡಬ್ಬಿ ಯಾಕೆ? ಪ್ರತಿ ಗೆರೆಯ ಬಲತುದಿಯಲ್ಲಿ ಅದರ ಹೆಸರನ್ನು, ಅದೇ ಬಣ್ಣದಲ್ಲಿ, ಬಿಳಿ ಅಂಚಿನೊಂದಿಗೆ ಬರೆಯಿರಿ. ಕಣ್ಣು ಡಬ್ಬಿಗೂ ಗೆರೆಗೂ ಓಡಾಡುವುದು ತಪ್ಪುತ್ತದೆ. ಅಂಚು ಇಲ್ಲದೆ ಇದನ್ನು ಮಾಡಿದರೆ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕೂ 95, 98, 100 ಅಂತ ಹತ್ತಿರ ಇರುವಾಗ ಹೆಸರುಗಳು ಪಕ್ಕದ ಗೆರೆಯ ಜೊತೆ ಸೇರಿಹೋಗುತ್ತವೆ. ಅಂಚು ಇದ್ದರೂ ಹೆಸರಿನ ಮೇಲೆ ಹೆಸರು ಬಂದರೆ ನೀವೇ ವೈ ಬೆಲೆ ಸ್ವಲ್ಪ ಮೇಲೆ ಕೆಳಗೆ ಸರಿಸಬೇಕು. ಅದಕ್ಕೆ ಎಫೆಕ್ಟ್ ಏನೂ ಮಾಡಲಾರದು.

ಲಿಸ್ಟಿನ ಕ್ರಮ: ಸ್ಟ್ರೋಕ್ ಮತ್ತು ನಾರ್ಮಲ್

ವಿತ್‌ಸ್ಟ್ರೋಕ್ ಅನ್ನುವುದು ಎರಡು ಕೆಲಸದ ಜೋಡಿ. ಬಿಡಿಸಿ ಬರೆದರೆ ಮೊದಲು ಸ್ಟ್ರೋಕ್, ಆಮೇಲೆ ನಾರ್ಮಲ್. ಎರಡರ ಮೊದಲ ಅಕ್ಷರವೂ ದೊಡ್ಡದು. ಸ್ಟ್ರೋಕ್ ಅಂಚನ್ನು ಎಳೆಯುತ್ತದೆ, ನಾರ್ಮಲ್ ಮೂಲ ವಸ್ತುವನ್ನು ಇದ್ದ ಹಾಗೇ ಎಳೆಯುತ್ತದೆ. ಲಿಸ್ಟಿನಲ್ಲಿ ಮೊದಲು ಬರೆದದ್ದು ಕೆಳಗೆ, ಕೊನೆಗೆ ಬರೆದದ್ದು ಮೇಲೆ.

ನಾರ್ಮಲ್ ಬರೆಯಲು ಮರೆತರೆ ಮೂಲ ಗೆರೆಯೇ ಕಾಣುವುದಿಲ್ಲ, ದಪ್ಪ ಬಿಳಿ ಪಟ್ಟಿ ಮಾತ್ರ ಉಳಿಯುತ್ತದೆ. ಕ್ರಮ ತಿರುಗಿಸಿದರೂ ಅಷ್ಟೇ, ಅಂಚು ಮೇಲೆ ಬಂದು ಗೆರೆ ಮುಚ್ಚಿಹೋಗುತ್ತದೆ.

ಬಿಡಿಸಿ ಬರೆಯುವುದರ ಲಾಭ ಏನೆಂದರೆ ಎಷ್ಟು ಪದರ ಬೇಕಾದರೂ ಇಡಬಹುದು. ಉಪಗ್ರಹ ಚಿತ್ರದ ಮೇಲೆ ಊರಿನ ಹೆಸರು ಬರೆಯಬೇಕು ಅಂದುಕೊಳ್ಳಿ. ಒಂದು ಕಡೆ ಕಡುಹಸಿರು ಕಾಡು, ಇನ್ನೊಂದು ಕಡೆ ಬೆಳ್ಳಗಿನ ಮೋಡ. ಬಿಳಿ ಅಂಚು ಮೋಡದ ಮೇಲೆ ಕರಗಿಹೋಗುತ್ತದೆ, ಕಪ್ಪು ಅಂಚು ಕಾಡಿನ ಮೇಲೆ. ಆಗ ಕೆಳಗೆ 5 ಪಾಯಿಂಟ್ ಕಪ್ಪು ಸ್ಟ್ರೋಕ್, ಅದರ ಮೇಲೆ 3 ಪಾಯಿಂಟ್ ಬಿಳಿ ಸ್ಟ್ರೋಕ್, ಅದರ ಮೇಲೆ ಕಪ್ಪು ಅಕ್ಷರ. ಹಿನ್ನೆಲೆ ಏನೇ ಇರಲಿ ಹೆಸರು ಓದಲು ಬರುತ್ತದೆ.

ಹೊಳಪು ಬೇಕಾದರೂ ಇದೇ ಉಪಾಯ. ಗೆರೆಯದೇ ಬಣ್ಣದಲ್ಲಿ 14, 11, 8, 5 ಪಾಯಿಂಟ್ ದಪ್ಪದ ನಾಲ್ಕು ಸ್ಟ್ರೋಕ್, ಪ್ರತಿಯೊಂದಕ್ಕೂ ಆಲ್ಫಾ, ಅಂದರೆ ಬಣ್ಣದ ಗಟ್ಟಿತನ, 0.08 ಇಡಿ, ಕೊನೆಗೆ ನಾರ್ಮಲ್. ಪದರದ ಮೇಲೆ ಪದರ ಬಿದ್ದು ಗೆರೆಯ ಹತ್ತಿರ ಬಣ್ಣ ಗಾಢವಾಗಿ, ದೂರ ಹೋದಂತೆ ತೆಳುವಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಚೆನ್ನ, ಬಿಳಿಯ ಮೇಲೆ ಬರೀ ಮಸುಕು. ಒಂದು ಗೆರೆಗೆ ಮಾತ್ರ ಹಾಕಿ. ನಾಲ್ಕಕ್ಕೂ ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಹಲ್ಲುಗೆರೆ: ಇದರ ಉಪಯೋಗ ಜಾಸ್ತಿ ಜನಕ್ಕೆ ಗೊತ್ತಿಲ್ಲ

ನಮ್ಮ ಚಾರ್ಟಿನಲ್ಲಿ 100ಕ್ಕೆ ಒಂದು ಅಡ್ಡಗೆರೆ ಬೇಕು, ಅಲ್ವಾ? ಜಲಾಶಯ ಭರ್ತಿ ಅನ್ನುವ ಗುರುತು. ಸುಮ್ನೆ ಒಂದು ಕೆಂಪು ಗೆರೆ ಎಳೆದರೆ ಅದು ಇನ್ನೊಂದು ಡೇಟಾ ಗೆರೆಯಂತೆ ಕಾಣುತ್ತದೆ. ಇದು ಮಿತಿ, ಇದರಾಚೆ ಹೋಗುವಂತಿಲ್ಲ ಅನ್ನುವುದು ಚಿತ್ರದಲ್ಲೇ ಗೊತ್ತಾಗಬೇಕು. ಅದಕ್ಕೆ ವಿತ್‌ಟಿಕ್ಡ್‌ಸ್ಟ್ರೋಕ್ ಇದೆ. ಗೆರೆಯ ಒಂದು ಬದಿಗೆ ಸಾಲಾಗಿ ಸಣ್ಣ ಸಣ್ಣ ಓರೆಗೀಟುಗಳನ್ನು ಹಾಕುತ್ತದೆ. ಇಂಜಿನಿಯರಿಂಗ್ ಓದಿದವರಿಗೆ, ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಮಾಡಿದವರಿಗೆ ಇದು ಪರಿಚಯದ ಗುರುತು. ಗೀಟು ಇರುವ ಬದಿ ನಿಷಿದ್ಧ.

ಇದಕ್ಕೆ ಮೂರು ಮುಖ್ಯ ಆರ್ಗ್ಯುಮೆಂಟ್. ಸ್ಪೇಸಿಂಗ್ ಅಂದರೆ ಗೀಟಿನಿಂದ ಗೀಟಿಗೆ ಎಷ್ಟು ದೂರ, ಪಾಯಿಂಟ್‌ನಲ್ಲಿ. ಏನೂ ಕೊಡದಿದ್ದರೆ 10. ಲೆಂಗ್ತ್ ಅಂದರೆ ಗೀಟಿನ ಉದ್ದ, ಆದರೆ ಪಾಯಿಂಟ್‌ನಲ್ಲಲ್ಲ, ಸ್ಪೇಸಿಂಗ್‌ನ ಎಷ್ಟು ಪಟ್ಟು ಅಂತ. ಆ್ಯಂಗಲ್ ಅಂದರೆ ಕೋನ, ಕೊಡದಿದ್ದರೆ 45 ಡಿಗ್ರಿ. ಜನ ಗೊಂದಲಕ್ಕೆ ಬೀಳುವುದು ಈ ಕೋನದಲ್ಲಿ. ನೀವೇ ಆ ಗೆರೆಯ ಮೇಲೆ ಶುರುವಿನಿಂದ ಕೊನೆಯ ಕಡೆಗೆ ನಡೆಯುತ್ತಿದ್ದೀರಿ ಅಂದುಕೊಳ್ಳಿ. 0 ಅಂದರೆ ಮುಂದೆ, 90 ಅಂದರೆ ನಿಮ್ಮ ಎಡಗಡೆ, ಮೈನಸ್ 90 ಅಂದರೆ ಬಲಗಡೆ, 180 ಅಂದರೆ ಹಿಂದೆ. ಅಡ್ಡಗೆರೆ ಎಳೆಯುವ ಆಕ್ಸ್‌ಹೆಚ್‌ಲೈನ್ ಫಂಕ್ಷನ್ ಎಡದಿಂದ ಬಲಕ್ಕೆ ಹೋಗುತ್ತದೆ, ಆದ್ದರಿಂದ ಎಡಗಡೆ ಅಂದರೆ ಚಾರ್ಟಿನಲ್ಲಿ ಮೇಲಕ್ಕೆ. ನಮಗೆ ಬೇಕಾದದ್ದೂ ಮೇಲಕ್ಕೇ, 45 ಹಾಗೇ ಇರಲಿ. ಕನಿಷ್ಠ ಮಟ್ಟದ ಗೆರೆ ಎಳೆಯುವುದಾದರೆ ಮೈನಸ್ 45 ಕೊಡಿ, ಗೀಟುಗಳು ಕೆಳಮುಖ ಆಗುತ್ತವೆ.

ಒಂದು ಸಣ್ಣ ವಿಷಯ. ವೈ ಅಕ್ಷದ ಗರಿಷ್ಠ ಬೆಲೆ ಸರಿಯಾಗಿ 100ಕ್ಕೇ ನಿಂತಿದ್ದರೆ ಗೀಟುಗಳು ಚೌಕಟ್ಟಿನ ಆಚೆ ಹೋಗಿ ಕತ್ತರಿಸಿಹೋಗುತ್ತವೆ, ಒಂದೂ ಕಾಣುವುದಿಲ್ಲ. 110ರವರೆಗೆ ಜಾಗ ಬಿಡಿ.

ನೆರಳು

ಎರಡು ಬಗೆ ಇದೆ. ಗೆರೆಗೆ ಸಿಂಪಲ್‌ಲೈನ್‌ಶ್ಯಾಡೋ, ಕಂಬ ಮತ್ತು ಅಕ್ಷರದಂಥ ತುಂಬಿದ ಆಕಾರಕ್ಕೆ ಸಿಂಪಲ್‌ಪ್ಯಾಚ್‌ಶ್ಯಾಡೋ. ಎರಡಕ್ಕೂ ಆಫ್‌ಸೆಟ್ ಅಂತ ಜೋಡಿ ಅಂಕಿ ಕೊಡುತ್ತೇವೆ. ಮೊದಲೇ ಇರುವುದು 2, ಮೈನಸ್ 2. ಅಂದರೆ ಎರಡು ಪಾಯಿಂಟ್ ಬಲಕ್ಕೆ, ಎರಡು ಕೆಳಕ್ಕೆ. ಗೆರೆಯ ನೆರಳು ಸಾಮಾನ್ಯವಾಗಿ ಕಪ್ಪು, ಆಲ್ಫಾ 0.3. ಶ್ಯಾಡೋ ಅಂಡರ್‌ಸ್ಕೋರ್ ಕಲರ್‌ಗೆ ಪೈಥಾನ್‌ನ ನನ್ (ಮೊದಲ ಅಕ್ಷರ ದೊಡ್ಡದು, ಉದ್ಧರಣ ಚಿಹ್ನೆ ಇಲ್ಲ) ಕೊಟ್ಟರೆ ಗೆರೆಯದೇ ಬಣ್ಣವನ್ನು ಗಾಢ ಮಾಡಿ ಬಳಸುತ್ತದೆ. ಇವೂ ಸ್ಟ್ರೋಕ್‌ನಂತೆಯೇ, ಹಿಂದೆಯೇ ನಾರ್ಮಲ್ ಬರೆಯಬೇಕು.

ಡೇಟಾ ಇರುವ ಗೆರೆಗೆ ನೆರಳು ಹಾಕಬೇಡಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಜಲಾಶಯದ ಗೆರೆಯ ಕೆಳಗೆ ಇನ್ನೊಂದು ಬೂದು ಗೆರೆ ಬಂದರೆ ಓದುವವರು ಅದನ್ನು ಹೋದ ವರ್ಷದ ಮಟ್ಟ ಅಂದುಕೊಳ್ಳುವ ಸಾಧ್ಯತೆ ಇದೆ. ಕಂಬಕ್ಕೆ ನೆರಳು ಬಂದರೆ ತುದಿ ಎಲ್ಲಿ ಅನ್ನುವುದೇ ಮಸುಕಾಗುತ್ತದೆ, ಕಂಬದ ಚಾರ್ಟಿನಲ್ಲಿ ಓದಬೇಕಾದದ್ದು ತುದಿಯನ್ನೇ. ತಲೆಬರಹಕ್ಕೆ, ಪೋಸ್ಟರಿನ ದೊಡ್ಡ ಅಂಕಿಗೆ ಬೇಕಾದರೆ ಹಾಕಿಕೊಳ್ಳಿ. ಅಂಥ ಕಡೆ ಪಾತ್‌ಪ್ಯಾಚ್‌ಎಫೆಕ್ಟ್ ಇನ್ನೂ ಚೆನ್ನಾಗಿರುತ್ತದೆ. ಅದಕ್ಕೆ ಫೇಸ್‌ಕಲರ್, ಎಡ್ಜ್‌ಕಲರ್, ಹ್ಯಾಚ್ ಎಲ್ಲ ಕೊಡಬಹುದು, ಗೀಟು ತುಂಬಿದ ನೆರಳಿನ ಮೇಲೆ ದೊಡ್ಡ ಅಕ್ಷರ ಕೂರಿಸಬಹುದು.

ಇನ್ನೂ ಮೂರು ಜಾಗ

ಅನೋಟೇಟ್ ಬಳಸಿ ಬಾಣ ಹಾಕಿದಾಗ, ಎಫೆಕ್ಟ್ ಅಕ್ಷರಕ್ಕೆ ಮಾತ್ರ ಹೋಗುತ್ತದೆ, ಬಾಣಕ್ಕೆ ಹೋಗುವುದಿಲ್ಲ. ಬಾಣ ಬೇರೆ ವಸ್ತು. ಅನೋಟೇಟ್ ವಾಪಸ್ ಕೊಡುವ ವಸ್ತುವಿನಲ್ಲಿ ಆ್ಯರೋ ಅಂಡರ್‌ಸ್ಕೋರ್ ಪ್ಯಾಚ್ ಅಂತ ಇದೆ, ಅದರ ಮೇಲೆ ಬೇರೆಯಾಗಿ ಎಫೆಕ್ಟ್ ಕರೆಯಬೇಕು.

ಕಾಂಟೂರ್ ನಕ್ಷೆಯಲ್ಲಿ ಸಿ-ಲೇಬಲ್ ಫಂಕ್ಷನ್ (ಟೈಪ್ ಮಾಡುವಾಗ ಒಂದೇ ಪದ, ಹೈಫನ್ ಇಲ್ಲ) ಕೊಡುವ ಅಂಕಿಗಳು ಒಂದು ಲಿಸ್ಟಾಗಿ ಸಿಗುತ್ತವೆ, ಲೂಪ್ ಹಾಕಿ ಪ್ರತಿಯೊಂದಕ್ಕೂ ಅಂಚು ಕೊಡಿ. ಕಾಂಟೂರ್ ಗೆರೆಗಳಿಗೆ 3.8ನೇ ಆವೃತ್ತಿಯಿಂದ ಒಟ್ಟಿಗೇ ಎಫೆಕ್ಟ್ ಹಾಕಬಹುದು. ಅದಕ್ಕಿಂತ ಹಳೆಯ ಕೋಡಿನಲ್ಲಿ ಕಲೆಕ್ಷನ್ಸ್ ಅಂತ ಲೂಪ್ ಕಂಡರೆ ಅದನ್ನು ಬದಲಿಸಿಕೊಳ್ಳಿ.

ಹೀಟ್‌ಮ್ಯಾಪ್ ಚೌಕಗಳೊಳಗೆ ಅಂಕಿ ಬರೆಯುವಾಗ, ವಿರಿಡಿಸ್ ಬಣ್ಣಪಟ್ಟಿಯಲ್ಲಿ ಒಂದು ತುದಿ ಕಡು ನೇರಳೆ, ಇನ್ನೊಂದು ತುದಿ ಹಳದಿ. ಬಿಳಿ ಅಂಕಿ ಹಳದಿಯ ಮೇಲೆ ಓದಲು ಬರುವುದಿಲ್ಲ. ಬಿಳಿ ಅಂಕಿಗೆ 2 ಪಾಯಿಂಟ್ ಕಪ್ಪು ಅಂಚು ಕೊಟ್ಟರೆ ಎರಡೂ ಕಡೆ ನಡೆಯುತ್ತದೆ. ಚೌಕದ ಬೆಲೆ ನೋಡಿ ಅಂಕಿಯ ಬಣ್ಣ ಬದಲಿಸುವುದು ಇದಕ್ಕಿಂತ ಒಳ್ಳೆಯದು, ಸಮಯ ಇದ್ದರೆ ಹಾಗೆ ಮಾಡಿ.

ಕನ್ನಡ ಅಕ್ಷರಕ್ಕೆ ಬೇರೆ ದಾರಿ

ಇದುವರೆಗೆ ಹೇಳಿದ್ದೆಲ್ಲ ಇಂಗ್ಲಿಷ್ ಹೆಸರಿಗೆ ಸಲೀಸಾಗಿ ನಡೆಯುತ್ತದೆ. ಕನ್ನಡದಲ್ಲಿ ಚಾರ್ಟ್ ಮಾಡುವವರಿಗೆ ಇಲ್ಲೊಂದು ತೊಡಕಿದೆ.

ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ, ಹಾಗಾಗಿ ಮೊದಲು ಬರೀ ಡಬ್ಬಿಗಳು ಕಾಣುತ್ತವೆ. ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿದರೆ ಡಬ್ಬಿ ಹೋಗಿ ಅಕ್ಷರ ಬರುತ್ತದೆ, ಆದರೆ ಸರಿಯಾಗಿ ಬರುವುದಿಲ್ಲ. ಇಷ್ಟು ವರ್ಷ ಬಳಕೆಯಲ್ಲಿರುವ ಆವೃತ್ತಿಗಳು ಯೂನಿಕೋಡಿನ ಒಂದೊಂದು ಸಂಕೇತವನ್ನೂ ಒಂದರ ಪಕ್ಕ ಒಂದು ಜೋಡಿಸುತ್ತವೆ ಅಷ್ಟೇ. "ಕೃಷ್ಣರಾಜಸಾಗರ" ಬರೆದು ನೋಡಿ. ಷ ಬರುತ್ತದೆ, ಅದರ ಪಕ್ಕ ಅರ್ಧಾಕ್ಷರದ ಗುರುತು, ಅದರ ಪಕ್ಕ ಪೂರ್ತಿ ಣ. ಕೆಳಗೆ ಒತ್ತಾಗಿ ಬರಬೇಕಾದ ಣ ಸಾಲಿನಲ್ಲೇ ನಿಂತಿರುತ್ತದೆ. "ಕಬಿನಿ"ಯಲ್ಲಿ ಗುಡಿಸು ಅಕ್ಷರದ ಜೊತೆ ಬೆಸೆಯದೆ ಬೇರೆ ನಿಲ್ಲುತ್ತದೆ. ಇದರ ಮೇಲೆ ಎಷ್ಟು ಚೆಂದದ ಅಂಚು ಹಾಕಿದರೂ ತಪ್ಪು ಕನ್ನಡಕ್ಕೆ ಅಂಚು ಹಾಕಿದ ಹಾಗೆ. ನಮ್ಮ ಭಾಷೆಯ ಹೆಸರನ್ನು ಒಡೆದ ರೂಪದಲ್ಲಿ ಪ್ರಕಟಿಸಬಾರದು. ನಿಮ್ಮ ಆವೃತ್ತಿಯಲ್ಲಿ ಹೇಗೆ ಬರುತ್ತದೆ ಅಂತ ಒತ್ತಕ್ಷರ ಇರುವ ಒಂದು ಪದ ಹಾಕಿ ಮೊದಲೇ ಪರೀಕ್ಷಿಸಿ.

ಚಾರ್ಟ್ ವೆಬ್‌ಪುಟಕ್ಕೆ ಅಂತಾದರೆ ಎಸ್‌ವಿಜಿ (ಚಿತ್ರವನ್ನು ಗೆರೆ, ಅಕ್ಷರಗಳಾಗಿ ಬರೆದಿಡುವ ಫೈಲ್) ದಾರಿ ಹಿಡಿಯಿರಿ. ಮ್ಯಾಟ್‌ಪ್ಲಾಟ್‌ಲಿಬ್ ಸಾಮಾನ್ಯವಾಗಿ ಎಸ್‌ವಿಜಿಯಲ್ಲಿ ಅಕ್ಷರಗಳನ್ನು ಆಕಾರವಾಗಿ ಮಾರ್ಪಡಿಸಿ ಇಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಟ್ಟಿಂಗ್‌ಗಳಿರುವ ಆರ್‌ಸಿಪ್ಯಾರಮ್ಸ್‌ನಲ್ಲಿ ಎಸ್‌ವಿಜಿ ಡಾಟ್ ಫಾಂಟ್‌ಟೈಪ್ ಅನ್ನುವುದಕ್ಕೆ ನನ್ ಅಂತ ಕೊಡಿ. ಇದು ಉದ್ಧರಣ ಚಿಹ್ನೆಯೊಳಗಿನ ಪದ, ಎಲ್ಲ ಚಿಕ್ಕಕ್ಷರ. ಆಗ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಜೋಡಿಸುವ ಕೆಲಸ ಬ್ರೌಸರ್ ಮಾಡುತ್ತದೆ. ಬ್ರೌಸರ್‌ಗಳಿಗೆ ಒತ್ತಕ್ಷರ ಚೆನ್ನಾಗಿ ಗೊತ್ತು.

ಆದರೆ ಆ ಅಕ್ಷರಗಳಿಗೆ ಪಾತ್ ಎಫೆಕ್ಟ್ ಕೊಡಬೇಡಿ. ಎಫೆಕ್ಟ್ ಕೊಟ್ಟ ಕೂಡಲೇ ಮ್ಯಾಟ್‌ಪ್ಲಾಟ್‌ಲಿಬ್ ಅದನ್ನು ಮತ್ತೆ ಆಕಾರವಾಗಿ ಎಳೆಯುತ್ತದೆ, ಫಾಂಟ್‌ಟೈಪ್ ಏನೇ ಇದ್ದರೂ, ಒಡೆದ ಕನ್ನಡ ವಾಪಸ್ ಬರುತ್ತದೆ. ಅಂಚನ್ನು ಸಿಎಸ್‌ಎಸ್‌ನಿಂದ, ಅಂದರೆ ವೆಬ್‌ಪುಟದ ಅಂದಚೆಂದ ಹೇಳುವ ನಿಯಮಗಳಿಂದ ಹಾಕಿ. ಎಸ್‌ವಿಜಿ ಫೈಲನ್ನು ಎಡಿಟರಿನಲ್ಲಿ ತೆರೆದರೆ ಮೇಲುಗಡೆ ಒಂದು ಸ್ಟೈಲ್ ಟ್ಯಾಗ್ ಇರುತ್ತದೆ. ಅದರೊಳಗೆ ಟೆಕ್ಸ್ಟ್ ಅನ್ನುವುದಕ್ಕೆ ನಾಲ್ಕು ನಿಯಮ ಸೇರಿಸಿ: ಸ್ಟ್ರೋಕ್ ವೈಟ್, ಸ್ಟ್ರೋಕ್ ವಿಡ್ತ್ 3 ಪಿಕ್ಸೆಲ್, ಸ್ಟ್ರೋಕ್ ಲೈನ್‌ಜಾಯಿನ್ ರೌಂಡ್, ಪೇಂಟ್ ಆರ್ಡರ್ ಸ್ಟ್ರೋಕ್. ಎರಡು ಪದ ಇರುವ ಹೆಸರುಗಳ ನಡುವೆ ಹೈಫನ್.

ಕೊನೆಯದು ತುಂಬ ಮುಖ್ಯ. ಅದಿಲ್ಲದಿದ್ದರೆ ಬ್ರೌಸರ್ ಮೊದಲು ಅಕ್ಷರ ತುಂಬಿ ಆಮೇಲೆ ಅದರ ಮೇಲೆ ಅಂಚು ಎಳೆಯುತ್ತದೆ, ಅಂಚಿನ ಒಳಗಿನ ಅರ್ಧ ಅಕ್ಷರವನ್ನು ತಿನ್ನುತ್ತದೆ. ಕನ್ನಡದ ಅಕ್ಷರಗಳಲ್ಲಿ ಸುರುಳಿ, ಕೊಂಡಿ ಜಾಸ್ತಿ, ಹಾಗಾಗಿ ಸಣ್ಣ ಅಕ್ಷರ ಪೂರ್ತಿ ಮಾಯವಾಗಿಬಿಡಬಹುದು. ಪೇಂಟ್ ಆರ್ಡರ್ ಕೊಟ್ಟರೆ ಅಂಚು ಮೊದಲು, ತುಂಬುವುದು ಆಮೇಲೆ, ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ಟ್ರೋಕ್ ಮತ್ತು ನಾರ್ಮಲ್ ಕ್ರಮವೇ ಇಲ್ಲೂ. ಜಾವಾಸ್ಕ್ರಿಪ್ಟ್‌ನ ಡಿ3 ಲೈಬ್ರರಿ ಬಳಸಿ ಚಾರ್ಟ್ ಬರೆಯುವವರಿಗೂ ಇದೇ ನಿಯಮ. ಒಂದೆರಡು ಹೆಸರಿಗೆ ಮಾತ್ರ ಅಂಚು ಬೇಕಾದರೆ ಪೈಥಾನ್‌ನಲ್ಲೇ ಆ ಅಕ್ಷರಕ್ಕೆ ಸೆಟ್ ಅಂಡರ್‌ಸ್ಕೋರ್ ಜಿಐಡಿ ಮೂಲಕ ಒಂದು ಗುರುತು ಕೊಡಿ, ಅದೇ ಎಸ್‌ವಿಜಿಯಲ್ಲಿ ಐಡಿ ಆಗಿ ಬರುತ್ತದೆ.

ಪಿಎನ್‌ಜಿಯೇ ಬೇಕು, ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು ಅಂದರೆ ಪೈಥಾನ್‌ನ ಚಿತ್ರಗಳ ಲೈಬ್ರರಿ ಪಿಲ್ಲೋ ಸಹಾಯಕ್ಕೆ ಬರುತ್ತದೆ. ಪಿಲ್ಲೋದಲ್ಲಿ ರಾಕ್ಮ್ (ಆರ್, ಎ, ಕ್ಯೂ, ಎಂ) ಅನ್ನುವ ಅಕ್ಷರ ಜೋಡಣೆಯ ಎಂಜಿನ್ ಇದ್ದರೆ ಕನ್ನಡ ಸರಿಯಾಗಿ ಬರುತ್ತದೆ. ಇದೆಯೋ ಇಲ್ಲವೋ ಅಂತ ಪಿಲ್ಲೋದ ಫೀಚರ್ಸ್ ಮಾಡ್ಯೂಲಿನ ಚೆಕ್ ಫಂಕ್ಷನ್‌ಗೆ ರಾಕ್ಮ್ ಹೆಸರು ಕೊಟ್ಟು ಕೇಳಿ, ಟ್ರೂ ಬಂದರೆ ಇದೆ. ಪಾರದರ್ಶಕ ಹಿನ್ನೆಲೆಯ ಚಿತ್ರವೊಂದರಲ್ಲಿ 80 ಪಿಕ್ಸೆಲ್ ಫಾಂಟಿನಲ್ಲಿ ಹೆಸರು ಬರೆಯಿರಿ, ಸ್ಟ್ರೋಕ್ ಅಂಡರ್‌ಸ್ಕೋರ್ ವಿಡ್ತ್ 8, ಸ್ಟ್ರೋಕ್ ಅಂಡರ್‌ಸ್ಕೋರ್ ಫಿಲ್ ವೈಟ್. ಇಲ್ಲಿ ಒಂದು ವ್ಯತ್ಯಾಸ ಇದೆ: ಪಿಲ್ಲೋದಲ್ಲಿ 8 ಅಂದರೆ ಹೊರಗಡೆಗೇ 8 ಪಿಕ್ಸೆಲ್, ಅರ್ಧ ಅಲ್ಲ. ಆಮೇಲೆ ಆ ಚಿತ್ರವನ್ನು ಆಫ್‌ಸೆಟ್‌ಇಮೇಜ್ ಒಳಗೆ ಝೂಮ್ 0.2 ಕೊಟ್ಟು ಹಾಕಿ, ಅನೋಟೇಶನ್‌ಬಾಕ್ಸ್ ಬಳಸಿ ಚಾರ್ಟಿನ ಮೇಲೆ ಬೇಕಾದ ಜಾಗದಲ್ಲಿ ಕೂರಿಸಿ, ಫ್ರೇಮ್‌ಆನ್ ಫಾಲ್ಸ್ ಮಾಡಿ. ಹೆಸರು ಸುಮಾರು 16 ಪಾಯಿಂಟ್ ಅಳತೆಗೆ ಬರುತ್ತದೆ. ದೊಡ್ಡದಾಗಿ ಬರೆದು ಚಿಕ್ಕದು ಮಾಡುವುದು ಯಾಕೆಂದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಸೇವ್ ಮಾಡಿದಾಗಲೂ ಅಕ್ಷರದ ಅಂಚು ಒಡೆಯಬಾರದು ಅಂತ. ಕೆಲಸ ಸ್ವಲ್ಪ ಜಾಸ್ತಿ ನಿಜ, ಒಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಂಡರೆ ಮುಂದೆ ಎಲ್ಲ ಚಾರ್ಟಿಗೂ ಆಗುತ್ತದೆ.

ಸೇವ್ ಮಾಡುವಾಗ

ಅಂಚಿನ ಅಳತೆ ಪಾಯಿಂಟ್‌ನಲ್ಲಿ ಇರುವುದರಿಂದ ಡಿಪಿಐ 100 ಇರಲಿ 300 ಇರಲಿ, ಅಂಚು ಮತ್ತು ಅಕ್ಷರದ ಪ್ರಮಾಣ ಬದಲಾಗುವುದಿಲ್ಲ. ಫಿಗ್‌ಸೈಜ್, ಅಂದರೆ ಚಾರ್ಟಿನ ಇಂಚಿನ ಅಳತೆ ಬದಲಿಸಿದರೆ, ಇಡೀ ಚಾರ್ಟಿಗೆ ಹೋಲಿಸಿದಾಗ ಅಂಚು, ಅಕ್ಷರ ಎಷ್ಟು ದೊಡ್ಡದು ಅನ್ನುವುದು ಮಾತ್ರ ಬದಲಾಗುತ್ತದೆ. 16 ಇಂಚು ಅಗಲಕ್ಕೆ ಮಾಡಿದ ಚಾರ್ಟನ್ನು ಪುಟದಲ್ಲಿ 5 ಇಂಚಿಗೆ ಕುಗ್ಗಿಸಿದರೆ ಒಂದೂವರೆ ಪಾಯಿಂಟ್ ಅಂಚು ಅರ್ಧ ಪಾಯಿಂಟಿಗೂ ಕಡಿಮೆಯಾಗಿ ಕಾಣದೇ ಹೋಗುತ್ತದೆ. ಎಷ್ಟು ಅಗಲಕ್ಕೆ ಬೇಕೋ ಅಷ್ಟಕ್ಕೇ ಮಾಡಿ.

ಪಿಡಿಎಫ್‌ನಲ್ಲಿ ಎಫೆಕ್ಟ್ ಕೊಟ್ಟ ಅಕ್ಷರ ಆಕಾರವಾಗಿ ಹೋಗುತ್ತದೆ ಅಂದೆನಲ್ಲ, ಅದನ್ನು ಸೆಲೆಕ್ಟ್ ಮಾಡಲು, ಹುಡುಕಲು ಬರುವುದಿಲ್ಲ. ಪ್ರಬಂಧ, ವರದಿಗೆ ಚಾರ್ಟ್ ಮಾಡುವವರು ತಲೆಬರಹ, ಅಕ್ಷದ ಹೆಸರುಗಳನ್ನು ಎಫೆಕ್ಟ್ ಇಲ್ಲದೇ ಬಿಡಿ, ಚಾರ್ಟಿನ ಒಳಗಿನ ಹೆಸರುಗಳಿಗೆ ಮಾತ್ರ ಕೊಡಿ. ಎಲ್ಲಕ್ಕೂ ಒಂದೇ ಸಲ ಅಂಚು ಬರಲಿ ಅಂತ ಆರ್‌ಸಿಪ್ಯಾರಮ್ಸ್‌ನ ಪಾತ್ ಡಾಟ್ ಎಫೆಕ್ಟ್ಸ್‌ಗೆ ಲಿಸ್ಟ್ ಕೊಡಲು ಆಗುತ್ತದೆ. ಆದರೆ ಅದು ಗ್ರಿಡ್, ಅಕ್ಷ, ಅಂಕಿ, ಚೌಕಟ್ಟು ಯಾವುದನ್ನೂ ಬಿಡದೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಕೈಯಿಂದ ಬಿಡಿಸಿದಂತೆ ಕಾಣುವ ಎಕ್ಸ್‌ಕೆಸಿಡಿ ಮೋಡ್ ಇದೆಯಲ್ಲ, ಅದು ಒಳಗೆ ಬಳಸುವುದೂ ಇದನ್ನೇ, 4 ಪಾಯಿಂಟ್ ಬಿಳಿ ಅಂಚು. ಅಲ್ಲಿ ಚೆನ್ನಾಗಿದೆ, ಮಾಮೂಲಿ ಚಾರ್ಟಿಗೆ ಬೇಡ.

ಹಿನ್ನೆಲೆಯನ್ನು ಪಾರದರ್ಶಕ ಮಾಡಿ ಸೇವ್ ಮಾಡುವವರು ಚಾರ್ಟ್ ಯಾವ ಬಣ್ಣದ ಪುಟದ ಮೇಲೆ ಕೂರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕಪ್ಪು ಥೀಮ್ ಇರುವ ಪುಟದಲ್ಲಿ ಬಿಳಿ ಅಂಚುಗಳೆಲ್ಲ ಸುಣ್ಣ ಬಳಿದ ಹಾಗೆ ಎದ್ದು ಕಾಣುತ್ತವೆ. ಅಂಚಿನ ಬಣ್ಣವನ್ನು ಕೋಡಿನ ಮೇಲುಗಡೆ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಹಿನ್ನೆಲೆಗೂ ಅಂಚಿಗೂ ಅದನ್ನೇ ಬಳಸಿ. ಬದಲಿಸಬೇಕಾದಾಗ ಒಂದೇ ಸಾಲು ಬದಲಿಸಿದರೆ ಸಾಕು.